ಹನ್ನೆರಡು ಹುಣಸೆಬೀಜ

ಮುಳಬಾಗಿಲು
21 ಜುಲೈ 2024

ಚಿ. ಸೌಪರ್ಣಿಕಾಳ ತಾಯಿಗೆ,

ಈ ಕಾಗದ ನೋಡಿ ನನ್ನ ಪಟ್ಟು ಸಡಿಲವಾಯಿತು ಎಂದುಕೊಳ್ಳಬೇಡ. ಹೋದ ತಿಂಗಳು ನೀನು ಮಗುವನ್ನು ಕರೆದುಕೊಂಡು ಮಾಲೂರಿಗೆ ಹೊರಟ ದಿನ ನಾನು ಆಡಿದ ಮಾತು ನನಗೆ ಅಕ್ಷರಕ್ಷರ ನೆನಪಿದೆ. "ಈ ಹೊಸಿಲು ದಾಟಿದರೆ, ಈ ಮನೆಯಲ್ಲಿ ನಿನ್ನ ಹತ್ತಿರ ನನಗೆ ಮಾತಿಲ್ಲ" ಎಂದೆ. ಮಾತಿಲ್ಲ ಎಂದೆ. ಬರೆಯುವುದಿಲ್ಲ ಎಂದು ಹೇಳಲಿಲ್ಲ. 1974ರಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು ನಾನು, ಆಡುವುದಕ್ಕೂ ಬರೆಯುವುದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ.

ಭಾನುವಾರ ಭಾನುವಾರ ಮಗು ಫೋನ್ ಮಾಡುತ್ತಾಳೆ. "ಅಜ್ಜಿ, ಮಂಡಿನೋವು ಹೇಗಿದೆ ಅಂತ ಅಮ್ಮ ಕೇಳ್ತಿದಾಳೆ" ಅನ್ನುತ್ತಾಳೆ. ಇದ್ದ ಹಾಗೇ ಇದೆ ಅಂತ ಹೇಳು ಅನ್ನುತ್ತೇನೆ. ಏಳು ವರ್ಷದ ಮಗು ನಮ್ಮಿಬ್ಬರ ನಡುವೆ ಅಂಚೆಯವನ ಕೆಲಸ ಮಾಡುತ್ತಿದೆ. ಆದರೆ ಕೆಲವು ಮಾತು ಮಗುವಿನ ಬಾಯಿಂದ ಕೇಳಿಸಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ಅವಳು ಹೇಳಿದಳು, ಬೆಳಿಗ್ಗೆ ಪಾತ್ರೆ ತೊಳೆಯುವಾಗ ಅಮ್ಮ ಗೋಡೆಯ ಕಡೆ ತಿರುಗಿಕೊಂಡು ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಾಳೆ, ತಪ್ಪಿದರೆ ತಲೆ ಚಚ್ಚಿಕೊಳ್ಳುತ್ತಾಳೆ ಅಂತ. ಅದೇನು ಎಂದು ನನಗೆ ತಿಳಿಯಬೇಕು. ನಿನ್ನ ಮೇಲಿನ ಕಾಳಜಿಯಿಂದ ಕೇಳುತ್ತಿಲ್ಲ. ಮಗು ನೋಡುತ್ತಿರುತ್ತದೆ.

ಇನ್ನೆರಡು ವಿಷಯ. ಮಗುವಿನ ಕೂದಲಿಗೆ ವಾರಕ್ಕೆರಡು ಸಲ ಎಣ್ಣೆ ಹಾಕು. ಪೊಟ್ಟಣದ ಮೊಸರು ಕೊಡಬೇಡ, ಹೆಪ್ಪು ಹಾಕಿ ಮನೆಯಲ್ಲೇ ಮಾಡು. ಹೆಪ್ಪಿಗೆ ಮೊಸರು ಬೇಕಿದ್ದರೆ ವಂಶಿ ಮಾಲೂರಿನ ಕಡೆ ಬಂದಾಗ ಕೊಟ್ಟು ಕಳಿಸುತ್ತೇನೆ. ಅವನು ನಿನ್ನ ಮೈದುನ, ಅವನ ಹತ್ತಿರ ನಿನಗೆ ಮಾತಿದೆ.

ಕೊನೆಯಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಇದ್ದೇವೆ.

ವೆಂಕಟರತ್ನಮ್ಮ


ಮಾಲೂರು
30 ಜುಲೈ 2024

ಅತ್ತೆಯವರಿಗೆ ಹರಿಪ್ರಿಯಾ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂದ ದಿನ ಸೌಪು ಅದನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿಕೊಂಡು ಬಂದಳು. ಮೊಸರಿನ ಹೆಪ್ಪು ವಂಶಿ ತಂದುಕೊಟ್ಟರು. ಎಣ್ಣೆ ಹಾಕುತ್ತಿದ್ದೇನೆ.

ನಾನು ಗೋಡೆಯ ಕಡೆ ತಿರುಗಿ ಹೇಳಿಕೊಳ್ಳುವುದು ಫ್ರೆಂಚ್ ಕ್ರಿಯಾಪದಗಳನ್ನು. ಶಾಲೆಯಲ್ಲಿ ಐದು, ಆರನೇ ತರಗತಿಯ ಮಕ್ಕಳಿಗೆ ಫ್ರೆಂಚ್ ಪಾಠ ಮಾಡುತ್ತೇನೆ ಎಂದು ನಿಮಗೆ ಗೊತ್ತು. ಪಿಯುಸಿಯಲ್ಲಿ ಅಂಕಕ್ಕಾಗಿ ತೆಗೆದುಕೊಂಡ ಭಾಷೆ, ಹದಿನೈದು ವರ್ಷವಾಗಿ ಮರೆತೇಹೋಗಿದೆ. ಈಗ ನಾನು ತಾತ್ಕಾಲಿಕ. ಬೆಂಗಳೂರಿನಲ್ಲಿ ಒಂದು ಪರೀಕ್ಷೆ ನಡೆಯುತ್ತದೆ, ಅದರಲ್ಲಿ ಪಾಸಾದರೆ ಕೆಲಸ ಕಾಯಂ ಮಾಡುತ್ತಾರೆ. ಓದುವುದು, ಬರೆಯುವುದು, ಕೇಳುವುದು, ಮಾತಾಡುವುದು, ನಾಲ್ಕೂ ಇರುತ್ತದೆ. ಸೆಪ್ಟೆಂಬರ್ 21ಕ್ಕೆ ಬರೆಯುತ್ತಿದ್ದೇನೆ.

ತಲೆ ಚಚ್ಚಿಕೊಳ್ಳುವಂತೆ ಮಾಡುವುದು ಕೆಲವು ಕ್ರಿಯಾಪದಗಳು. ಹೇಳುವವರು ಬದಲಾದ ಹಾಗೆ ಅವುಗಳ ಒಡಲೇ ಬದಲಾಗುತ್ತದೆ. ಉದಾಹರಣೆಗೆ 'ಆಪ್ಲೇ' ಅಂದರೆ ಕರೆಯುವುದು. 'ನನ್ನ ಹೆಸರು ಇಂಥದ್ದು' ಎನ್ನುವುದಕ್ಕೆ ಅವರು 'ನನ್ನನ್ನು ಹೀಗೆ ಕರೆದುಕೊಳ್ಳುತ್ತೇನೆ' ಅನ್ನುತ್ತಾರೆ. ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ:

ನಾನು – ಜ್ ಮಾಪೆಲ್
ನೀನು – ತ್ಯು ತಾಪೆಲ್
ಅವನು – ಇಲ್ ಸಾಪೆಲ್
ನಾವು – ನೂ ನೂಜಾಪ್ಲೋಂ
ನೀವು – ವೂ ವೂಜಾಪ್ಲೇ
ಅವರು – ಇಲ್ ಸಾಪೆಲ್

ಆರರಲ್ಲಿ ನಾಲ್ಕು ಬದಲಾಗುತ್ತವೆ, ನಾವು ನೀವು ಮಾತ್ರ ಮೂಲದ ಹಾಗೇ ಉಳಿಯುತ್ತವೆ. ಎಡಕ್ಕೆ ಒಂದರ ಕೆಳಗೊಂದು ನಾನು, ನೀನು, ಅವನು, ಬಲಕ್ಕೆ ಹಾಗೇ ನಾವು, ನೀವು, ಅವರು ಎಂದು ಬರೆದು, ಬದಲಾಗುವ ನಾಲ್ಕರ ಸುತ್ತ ಗೆರೆ ಎಳೆದರೆ ಬೂಟಿನ ಆಕಾರ ಬರುತ್ತದೆ. ಪುಸ್ತಕದಲ್ಲಿ ಹಾಗೇ ಬೂಟು ಬರೆದಿದ್ದಾರೆ. ನಾನೂ ಬೋರ್ಡಿನ ಮೇಲೆ ಹಾಗೇ ಬರೆಯುತ್ತೇನೆ. ಮಕ್ಕಳಿಗೆ ಬೇಗ ಬರುತ್ತದೆ, ನನಗೆ ಬರುವುದಿಲ್ಲ.

ನಿಮ್ಮ
ಹರಿಪ್ರಿಯಾ


ಮುಳಬಾಗಿಲು
8 ಆಗಸ್ಟ್ 2024

ಚಿ. ಸೌಪರ್ಣಿಕಾಳ ತಾಯಿಗೆ,

ಅಕ್ಷರದ ಸುತ್ತ ಬೂಟು ಬರೆಯುವುದು ಎಲ್ಲಿಯ ಪದ್ಧತಿ? ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಿ ಎಂದು ಮಕ್ಕಳಿಗೆ ಕಲಿಸುವವರು ನಾವು. ವಿದ್ಯೆಯನ್ನು ತೆಗೆದುಕೊಂಡು ಹೋಗಿ ಪಾದರಕ್ಷೆಯೊಳಗೆ ಹಾಕಿದರೆ ಅದು ಹೇಗೆ ತಲೆಗೆ ಹತ್ತೀತು? ನೀನು ಬರೆದ ಹಾಗೇ ಆರನ್ನೂ ಬರೆದು ಗೆರೆ ಎಳೆದು ನೋಡಿದೆ. ಅದು ಬೂಟೂ ಹೌದು, ನಮ್ಮ ದೇವರಮನೆಯ ಗಿಂಡಿಯೂ ಹೌದು. ಒಡಲು ಎಡಕ್ಕೆ, ನೀರು ಸುರಿಯುವ ಮೂತಿ ಬಲಕ್ಕೆ. ಇನ್ನು ಮೇಲೆ ಗಿಂಡಿ ಎಂದು ಕಲಿಸು. ಗಿಂಡಿಯೊಳಗೆ ನಾಲ್ಕು, ಹೊರಗೆ ಎರಡು.

ಒಡಲು ಬದಲಾಗುತ್ತದೆ ಎಂದು ಅಷ್ಟು ಗಾಬರಿ ಯಾಕೆ? ನಮ್ಮಲ್ಲಿ ಇಲ್ಲವೇ? ಬಾ ಅನ್ನುತ್ತೇವೆ, ಬರುತ್ತೇನೆ ಅನ್ನುತ್ತೇವೆ, ಬಂದೆ ಅನ್ನುತ್ತೇವೆ. ನಗು ಅನ್ನುವುದು ನಕ್ಕಳು ಆಗುತ್ತದೆ. ಮೂರು ವರ್ಷದ ಮಗು ಯಾರೂ ಕಲಿಸದೆ ಹೇಳುತ್ತದೆ. ನಿನಗೆ ಬಾರದೆ ಇರುವುದು ಭಾಷೆಯ ತಪ್ಪಲ್ಲ, ಕಲಿಯುವ ಕ್ರಮದ ತಪ್ಪು. ಗೋಡೆಗೆ ಹೇಳಿದರೆ ಗೋಡೆ ತಿದ್ದುತ್ತದೆಯೇ? ಪಾಠವನ್ನು ಯಾರಿಗಾದರೂ ಒಪ್ಪಿಸಬೇಕು.

ನಮ್ಮ ತಂದೆಯವರು ಬೆಳಿಗ್ಗೆ ದೇವಸ್ಥಾನದ ಪೂಜೆ, ಮಧ್ಯಾಹ್ನ ಸಂಸ್ಕೃತ ಪಾಠ ಇಟ್ಟುಕೊಂಡಿದ್ದವರು. ಶಬ್ದ, ಧಾತು ಎಲ್ಲ ನಮ್ಮ ಕೈಲಿ ಬಾಯಿಪಾಠ ಮಾಡಿಸಿದರು. ಅವರ ಕ್ರಮ ಇಷ್ಟೇ. ಎಡಗಡೆ ಹನ್ನೆರಡು ಹುಣಸೆಬೀಜ. ಒಂದು ಸಲ ತಪ್ಪಿಲ್ಲದೆ ಒಪ್ಪಿಸಿದರೆ ಒಂದು ಬೀಜ ಬಲಕ್ಕೆ. ಹನ್ನೊಂದು ಬೀಜ ಬಲಕ್ಕೆ ಬಂದು ಹನ್ನೆರಡನೆಯದರಲ್ಲಿ ತಪ್ಪಿದರೂ ಎಲ್ಲ ಬೀಜ ಮತ್ತೆ ಎಡಕ್ಕೆ. ಅವರು ಬೈಯುತ್ತಿರಲಿಲ್ಲ, ಬೀಜ ಸರಿಸುತ್ತಿದ್ದರು. ಆ ಸದ್ದಿಗೇ ನಮಗೆ ಅಳು ಬರುತ್ತಿತ್ತು. ಮಗುವನ್ನು ಎದುರಿಗೆ ಕೂರಿಸಿಕೋ. ಪುಸ್ತಕ ಅವಳ ಕೈಲಿರಲಿ, ಬೀಜ ಅವಳೇ ಸರಿಸಲಿ. ಬೀಜ ಇದರೊಳಗೆ ಇಟ್ಟಿದ್ದೇನೆ. ನಮ್ಮ ಹಿತ್ತಲಿನ ಮರದವೇ.

ನೀನು ಬರೆದು ಕಳಿಸಿದ್ದನ್ನು ನಾನೂ ಹೇಳಿ ನೋಡಿದೆ. ನನಗೇನೂ ಅದು ಬೇಕಾಗಿಲ್ಲ. ಭಾನುವಾರ ಮಗು ಫೋನಿನಲ್ಲಿ ಹೇಳಿದರೆ ಸರಿಯೋ ತಪ್ಪೋ ಎಂದು ತಿಳಿಯಬೇಕಲ್ಲ. ನಾನು, ನೀನು, ಅವನು ಎನ್ನುವಾಗ ಬಾಯಿ ಬಿಚ್ಚಿ 'ಪೆಲ್' ಅನ್ನಬೇಕು. ನಾವು, ನೀವು ಎನ್ನುವಾಗ ನಡುವಿನದನ್ನು ನುಂಗಿಕೊಳ್ಳಬೇಕು. 'ನಾವು' ಎಂದ ಕೂಡಲೇ ನುಂಗಿಕೊಳ್ಳುವುದು ನನಗೆ ಹೊಸದಲ್ಲ. ಮೂವತ್ತು ವರ್ಷ ಕೂಡುಕುಟುಂಬ ನಡೆಸಿದ್ದೇನೆ.

ಹೂವಿನ ಮುನಿಯಲ್ಲಮ್ಮ ನಾನು ಅಂಚೆಪೆಟ್ಟಿಗೆಯ ಹತ್ತಿರ ನಿಂತಿದ್ದನ್ನು ನೋಡಿ, "ಕೋಡಲಿಕಿ ಉತ್ತರಮಾ ಅಮ್ಮಾ? ಫೋನು ಲೇದಾ?" ಎಂದಳು. ಫೋನ್ ಇದ್ದೂ ಸೊಸೆಗೆ ಕಾಗದ ಬರೆದರೆ ನಿನಗೇನು, ಹೂ ಕಟ್ಟು ಎಂದೆ.

ವೆಂಕಟರತ್ನಮ್ಮ


ಮಾಲೂರು
12 ಸೆಪ್ಟೆಂಬರ್ 2024

ಅತ್ತೆಯವರಿಗೆ ನಮಸ್ಕಾರಗಳು.

ಬೀಜಗಳು ದಿನಾ ಸರಿಯುತ್ತಿವೆ. ಸೌಪು ನಿಮ್ಮ ತಂದೆಯವರಿಗಿಂತ ಕಟ್ಟುನಿಟ್ಟು. ನಿನ್ನೆ ಹತ್ತನೆಯದರಲ್ಲಿ ತೊದಲಿದೆ, ಅವಳು ಒಂಬತ್ತನ್ನೂ ಎಡಕ್ಕೆ ತಳ್ಳಿ ನನ್ನ ಮುಖ ನೋಡುತ್ತ ಕೂತಳು. ಆ ನೋಟ ಯಾರದು ಎಂದು ನಿಮಗೆ ಹೇಳಬೇಕಾಗಿಲ್ಲ.

ಶಾಲೆಯಲ್ಲಿ ಗಿಂಡಿ ಬರೆದೆ. ಅರ್ಧ ಮಕ್ಕಳಿಗೆ ಗಿಂಡಿ ಎಂದರೇನೆಂದೇ ಗೊತ್ತಿರಲಿಲ್ಲ. ಮಾರನೆಯ ದಿನ ಮನೆಯಿಂದ ತೆಗೆದುಕೊಂಡು ಹೋಗಿ ತೋರಿಸಿದೆ. ಈಗ ಆ ಕ್ರಿಯಾಪದಗಳಿಗೆಲ್ಲ ಗಿಂಡಿ ಕ್ರಿಯಾಪದ ಎಂದೇ ಹೆಸರು. ಲಕ್ಕೂರಿನಿಂದ ಬರುವ ಒಬ್ಬ ಹುಡುಗಿ ತಾನೇ ಎರಡು ಹೊಸ ಗಿಂಡಿ ಹುಡುಕಿಕೊಂಡು ಬಂದಿದ್ದಳು.

21ಕ್ಕೆ ಪರೀಕ್ಷೆ. ಆಶೀರ್ವಾದ ಮಾಡಿ.

ಹರಿಪ್ರಿಯಾ


ಮುಳಬಾಗಿಲು
29 ಸೆಪ್ಟೆಂಬರ್ 2024

ಚಿ. ಸೌಪರ್ಣಿಕಾಳ ತಾಯಿಗೆ,

ಪರೀಕ್ಷೆ ಮುಗಿದು ವಾರವಾಯಿತು. ಇವತ್ತು ಫೋನಿನಲ್ಲಿ ಮಗುವನ್ನು ಕೇಳಿದರೆ, ಬೀಜ ಡಬ್ಬಿಯಲ್ಲಿ ಹಾಕಿಟ್ಟಿದ್ದೇವೆ ಎಂದಿತು. ಹಿಂದಿನಿಂದ ನೀನು ಮಗುವಿನ ಕೈಲಿ ಏನನ್ನೂ ಕೇಳಿಸಲಿಲ್ಲ, ನನ್ನ ಮಂಡಿನೋವನ್ನು ಸಹ. ಏನಾಯಿತೆಂದು ಬರೆ. ಒಳ್ಳೆಯದನ್ನು ಮಾತ್ರ ಬರೆಯಬೇಕೆಂದು ನಾನು ಹೇಳಿಲ್ಲ.

ವೆಂಕಟರತ್ನಮ್ಮ


ಮಾಲೂರು
6 ಅಕ್ಟೋಬರ್ 2024

ಅತ್ತೆಯವರಿಗೆ ನಮಸ್ಕಾರಗಳು.

ಫೇಲಾದೆ. ಫಲಿತಾಂಶ ಮೊನ್ನೆ ಬಂತು, ನನಗೆ ಅವತ್ತೇ ಗೊತ್ತಿತ್ತು. ಓದು, ಬರಹ, ಕೇಳುವುದು ಮೂರರಲ್ಲೂ ಚೆನ್ನಾಗಿ ಬಂದಿದೆ. ಮಾತಿನಲ್ಲಿ ಇಪ್ಪತ್ತೈದಕ್ಕೆ ನಾಲ್ಕು. ಐದಕ್ಕಿಂತ ಕಡಿಮೆ ಬಂದರೆ ಉಳಿದದ್ದೆಲ್ಲ ಲೆಕ್ಕಕ್ಕಿಲ್ಲ.

ಕ್ರಿಯಾಪದ ತಪ್ಪಿದ್ದಲ್ಲ. ನಿಮ್ಮ ಬೀಜದ ಮೇಲೆ ತಪ್ಪು ಹೊರಿಸುವುದಿಲ್ಲ. ಪರೀಕ್ಷಕಿ ನಿಮ್ಮ ವಯಸ್ಸಿನವರು, ಒಳ್ಳೆಯವರು. ಮೊದಲು ನನ್ನ ಹೆಸರು ಕೇಳಿದರು, ಹೇಳಿದೆ. ಮಗಳ ಹೆಸರು ಕೇಳಿದರು, ಹೇಳಿದೆ. ಆಮೇಲೆ ನಿಮ್ಮ ಗಂಡನ ಹೆಸರೇನು ಎಂದರು. ನನ್ನ ಬಾಯಿಂದ "ಸೌಪರ್ಣಿಕಾಳ ತಂದೆ" ಎಂದು ಬಂತು, ಫ್ರೆಂಚಿನಲ್ಲೇ. ಅವರು ನಕ್ಕು, ಅದು ಸರಿ, ಹೆಸರು ಎಂದರು. ನಾನು ಮತ್ತೆ "ಸೌಪರ್ಣಿಕಾಳ ತಂದೆ" ಎಂದೆ. ನನಗೆ ಪ್ರಶ್ನೆ ಅರ್ಥವಾಗಿಲ್ಲ ಎಂದು ಅವರಿಗೆ ಅನ್ನಿಸಿರಬೇಕು. ನಿಧಾನವಾಗಿ, ಬಿಡಿಸಿ ಬಿಡಿಸಿ ಮೂರನೆಯ ಸಲ ಕೇಳಿದರು. ಹೆಸರು ಗಂಟಲವರೆಗೆ ಬಂದು ನಿಂತಿತು. ಆಮೇಲೆ ಅವರು ಏನೇನು ಕೇಳಿದರೋ ನನಗೆ ಒಂದೂ ಕೇಳಿಸಲಿಲ್ಲ.

ದೂರು ಎಂದು ತಿಳಿಯಬೇಡಿ, ಆದದ್ದನ್ನು ಬರೆಯುತ್ತಿದ್ದೇನೆ. ಮದುವೆಯಾದ ಹೊಸತರಲ್ಲಿ ಒಂದು ದಿನ ಊಟಕ್ಕೆ ಏಳಿ ಎನ್ನಲು ನಾನು ಅವರ ಹೆಸರು ಹಿಡಿದು ಕೂಗಿದೆ. ಪಡಸಾಲೆಯಲ್ಲಿ ನಿಮ್ಮ ಕಡೆಯ ನೆಂಟರಿದ್ದರು. ನೀವು ಸೌಟು ಕೆಳಗಿಟ್ಟು, "ಈ ಮನೆಯಲ್ಲಿ ಗಂಡನನ್ನು ಹೆಸರು ಹಿಡಿದು ಕರೆಯುವ ರೂಢಿ ಇಲ್ಲ" ಎಂದಿರಿ. ಅವತ್ತಿನಿಂದ ನಾನು ಕರೆಯಲಿಲ್ಲ. ಇಬ್ಬರೇ ಇರುವಾಗಲೂ ಬಾಯಿಗೆ ಬರುತ್ತಿರಲಿಲ್ಲ. ಎದೆನೋವು ಎಂದು ಕುರ್ಚಿಯಲ್ಲಿ ಕೂತವರು ಮೇಲೇಳದೆ ಹೋದಾಗಲೂ "ರೀ, ರೀ" ಎಂದೇ ಕೂಗಿದೆ. ಆಮೇಲೆ ಮನೆಯಲ್ಲಿ ಯಾರೂ ಅವರ ಹೆಸರು ಎತ್ತಲಿಲ್ಲ. ಫೋಟೋ ಬೀರುವಿನೊಳಗೆ ಹೋಯಿತು. ನಾನು ಮಾಲೂರಿಗೆ ಬಂದದ್ದು ಕೆಲಸಕ್ಕೆ ಮಾತ್ರ ಅಲ್ಲ ಅತ್ತೆ. ಆ ಮನೆಯಲ್ಲಿ ಒಬ್ಬ ಮನುಷ್ಯ ಇದ್ದ ಎಂದು ಸೌಪುವಿಗೆ ಯಾರು ಹೇಳುತ್ತಾರೆ ಎಂದುಕೊಂಡು ಬಂದೆ. ಇಲ್ಲಿಗೆ ಬಂದು ನಾನೂ ಹೇಳಲಿಲ್ಲ.

ಡಿಸೆಂಬರಿನಲ್ಲಿ ಇನ್ನೊಂದು ಪರೀಕ್ಷೆ ಇದೆಯಂತೆ. ಅದರಲ್ಲೂ ಹೀಗಾದರೆ ಜೂನ್‌ನಿಂದ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಶಾಲೆಯಲ್ಲಿ ಹೇಳಿದ್ದಾರೆ.

ಹರಿಪ್ರಿಯಾ


ಮುಳಬಾಗಿಲು
14 ಅಕ್ಟೋಬರ್ 2024

ಚಿ. ಸೌಪರ್ಣಿಕಾಳ ತಾಯಿಗೆ,

ಕಾಗದ ತಲುಪಿತು. ಬರೆದದ್ದನ್ನೆಲ್ಲ ಓದಿದೆ.

ಮಹಡಿಯ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಸೋರುತ್ತಿದ್ದ ಮೂಲೆಗೆ ಗಾರೆ ಹಾಕಿಸಿದೆ. ಮಗುವಿಗೆ ಓದಿಕೊಳ್ಳಲು ಕಿಟಕಿಯ ಹತ್ತಿರ ಮೇಜು ಹಾಕಿಸಬಹುದು. ಇಲ್ಲಿಯ ಶಾಲೆಯೂ ಕೆಟ್ಟದ್ದೇನಲ್ಲ. ಪರೀಕ್ಷೆ ಎಲ್ಲರಿಗೂ ಒಲಿಯುವುದಿಲ್ಲ, ಅದರಲ್ಲಿ ಅವಮಾನವಿಲ್ಲ. ಬರುವುದಾದರೆ ಬಾ. ಯಾಕೆ ಬಂದೆ ಎಂದು ಯಾರೂ ಕೇಳದ ಹಾಗೆ ನೋಡಿಕೊಳ್ಳುತ್ತೇನೆ.

ವೆಂಕಟರತ್ನಮ್ಮ


ಮಾಲೂರು
2 ನವೆಂಬರ್ 2024

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಹಬ್ಬದ ದಿನ ಮತ್ತೊಮ್ಮೆ ಓದಿದೆ. ಡಿಸೆಂಬರಿನ ಪರೀಕ್ಷೆಯ ದಿನಾಂಕ ಬಂದಿದೆ. ಮಾತಿನ ಪರೀಕ್ಷೆ 14ನೇ ತಾರೀಕು ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ. ಪಂಚಾಂಗ ನೋಡಿದೆ. ಅವತ್ತು ಮಾರ್ಗಶಿರ ಶುದ್ಧ ಚತುರ್ದಶಿ, ಅವರ ತಿಥಿ.

ಹಾಗಾಗಿ ಪರೀಕ್ಷೆಗೆ ಕಟ್ಟುವುದಿಲ್ಲ. ಹಿಂದಿನ ದಿನವೇ ಬಂದು ಅಡುಗೆಗೆ ನಿಲ್ಲುತ್ತೇನೆ. ಮಗುವಿನ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಸಾಮಾನು ಸಾಗಿಸುವ ಬಗ್ಗೆ ವಂಶಿಯವರ ಹತ್ತಿರ ಮಾತಾಡುತ್ತೇನೆ. ಇಲ್ಲಿಯ ಮನೆ ಮಾಲೀಕರಿಗೂ ಒಂದು ಮಾತು ಹೇಳಿದ್ದೇನೆ.

ಹರಿಪ್ರಿಯಾ


ಮುಳಬಾಗಿಲು
10 ನವೆಂಬರ್ 2024

ಚಿ. ಸೌಪರ್ಣಿಕಾಳ ತಾಯಿಗೆ,

ಇದು ಮೂರನೆಯ ಕಾಗದ. ಮೊದಲಿನ ಎರಡನ್ನು ಹರಿದು ಬಚ್ಚಲ ಒಲೆಗೆ ಹಾಕಿದೆ. ಒಂದರಲ್ಲಿ 'ಸಂತೋಷ, ಬಾ' ಎಂದು ಬರೆದಿದ್ದೆ. ಅದು ಸುಳ್ಳಲ್ಲ. ನಿನ್ನ ಕಾಗದ ಓದಿದಾಗ ಸಂತೋಷವೇ ಆಯಿತು. ಮೇಜು ಮಾಡಲು ಬಡಗಿ ವೆಂಕಟರಾಯಪ್ಪನಿಗೆ ಹೇಳಿಯೂ ಕಳಿಸಿದೆ. ಮಾರನೆಯ ದಿನ ಅವನು ಅಳತೆ ತೆಗೆದುಕೊಳ್ಳಲು ಬಂದಾಗ, ಯಾಕೋ ಈಗ ಬೇಡ ಎಂದು ಕಳಿಸಿಬಿಟ್ಟೆ.

ಈಗ ನಾನು ಹೇಳುವುದನ್ನು ಕೇಳು. ನೀನು ಪರೀಕ್ಷೆಗೆ ಹೋಗು.

ತಿಥಿಯನ್ನು ಮುಂದಕ್ಕೋ ಹಿಂದಕ್ಕೋ ಹಾಕುವುದಿಲ್ಲ, ಅದು ಆಗದ ಮಾತು. ಮಾಡುವವನು ವಂಶಿ. ಅಡುಗೆ ನಾನು ಮಾಡುತ್ತೇನೆ, ಅವನ ಹೆಂಡತಿ ಧನಶ್ರೀ ಕೈ ಹಾಕುತ್ತಾಳೆ. ಕೈಗೆ ಕಾಲಿಗೆ ಶಕ್ತಿಯಿದೆ. ನೀನು ಇಲ್ಲದಿದ್ದರೆ ಕರ್ಮ ಕೆಡುತ್ತದೆಯೇ ಎಂದು ಆಚಾರ್ಯರನ್ನು ಕೇಳಿದೆ, ಇಲ್ಲ ಎಂದರು. ಹೌದು ಎಂದಿದ್ದರೂ ಹೋಗು ಎಂದೇ ಬರೆಯುತ್ತಿದ್ದೆನೋ ಏನೋ, ಗೊತ್ತಿಲ್ಲ.

ನಿನ್ನ ಗಂಟಲಲ್ಲಿ ನಿಂತದ್ದು ನಾನು ಕಟ್ಟಿದ ಕಟ್ಟು. ಅದನ್ನು ತಪ್ಪು ಎಂದು ಈಗಲೂ ಹೇಳುವುದಿಲ್ಲ. ನನಗೂ ನಮ್ಮತ್ತೆ ಹಾಗೇ ಕಲಿಸಿದರು. ನಿನ್ನ ಮಾವನವರು ತೀರಿಕೊಂಡಾಗ ಪಿಂಚಣಿಗೆಂದು ಬ್ಯಾಂಕಿಗೆ ಹೋದೆ. ಅಲ್ಲಿಯ ಹುಡುಗ ಯಜಮಾನರ ಹೆಸರು ಹೇಳಿ ಅಮ್ಮಾ ಎಂದ. ಸಾಲಿನಲ್ಲಿ ಹಿಂದೆ ಹತ್ತು ಜನ. ನಾನು ಪೆನ್ನು ಇಸಿದುಕೊಂಡು ಚೀಟಿಯಲ್ಲಿ ಬರೆದು ತೋರಿಸಿದೆ. ಅದನ್ನು ಬಹಳ ದಿನ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ನಿನಗೂ ಹೇಳಿದ್ದೇನೆ. ನಿನ್ನ ಪರೀಕ್ಷಕಿ ಚೀಟಿ ಕೊಡಲಿಲ್ಲ, ಅಷ್ಟೇ ವ್ಯತ್ಯಾಸ.

ಆದರೆ ಒಂದು ಮಾತು. ಹೆಂಡತಿ ಗಂಡನ ಹೆಸರು ಹೇಳಬಾರದು ಎನ್ನುವುದು ರೂಢಿ. ತಾಯಿ ಮಗನ ಹೆಸರು ಹೇಳಬಾರದು ಎಂದು ಯಾವ ಶಾಸ್ತ್ರದಲ್ಲೂ ಇಲ್ಲ. ಅದು ನಾನೇ ಮಾಡಿಕೊಂಡದ್ದು. ಹೋದ ವರ್ಷ ತಿಥಿಯಲ್ಲಿ ಆಚಾರ್ಯರು ಗೋತ್ರ, ಹೆಸರು ಎಂದು ಕೇಳುವ ಹೊತ್ತಿಗೆ ನಾನು ಹಿತ್ತಲಿಗೆ ಹೋದೆ. ಹಾಲು ಉಕ್ಕುತ್ತದೆ ಎಂದು ಹೇಳಿ ಹೋದೆ. ಹಾಲು ಒಲೆಯ ಮೇಲೆ ಇರಲಿಲ್ಲ. ಹೆಸರು ಹೇಳಿದರೆ ಅವನು ಹೋದದ್ದು ಖಚಿತವಾಗುತ್ತದೆ ಎನ್ನಿಸುತ್ತಿತ್ತು. ಹೇಳದಿದ್ದರೆ ಏನಾಯಿತು? ಮಗುವಿಗೆ ತಂದೆ ಇಲ್ಲವಾದ, ನೀನು ಪರೀಕ್ಷೆಯಲ್ಲಿ ಕೂತು ಮೂಗಿಯಾದೆ.

ಆ ಹೆಂಗಸು ಕೇಳಿದ ಪ್ರಶ್ನೆಯನ್ನು ಅವಳು ಕೇಳಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದು ಕಳಿಸು. ಯಾಕೆ ಎಂದು ಕೇಳಬೇಡ. ಬೀಜಗಳನ್ನು ಡಬ್ಬಿಯಿಂದ ಹೊರಗೆ ತೆಗೆ.

ಮನೆ ಮಾಲೀಕರಿಗೆ ಖಾಲಿ ಮಾಡುವುದಿಲ್ಲ ಎಂದು ಹೇಳು.

ವೆಂಕಟರತ್ನಮ್ಮ


ಮಾಲೂರು
18 ನವೆಂಬರ್ 2024

ಅತ್ತೆಯವರಿಗೆ,

ಪರೀಕ್ಷೆಗೆ ಕಟ್ಟಿದೆ. ನೀವು ಕೇಳಿದ ಪ್ರಶ್ನೆ ಇದು: 'ಕೊಮಾಂ ಸಾಪೆಲ್ ವೋತ್ರ್ ಮಾರಿ?' ಕೊಮಾಂ ಎಂದರೆ ಹೇಗೆ, ವೋತ್ರ್ ಎಂದರೆ ನಿಮ್ಮ, ಮಾರಿ ಎಂದರೆ ಗಂಡ. ನಮ್ಮ ಮಾರಿ ಅಲ್ಲ, ಸೌಪು ಆಗಲೇ ನಕ್ಕು ಮುಗಿಸಿದ್ದಾಳೆ.

ಯಾಕೆ ಎಂದು ಕೇಳುವುದಿಲ್ಲ.

ಹರಿಪ್ರಿಯಾ


ಮಾಲೂರು
16 ಡಿಸೆಂಬರ್ 2024

ಅತ್ತೆಯವರಿಗೆ ನಮಸ್ಕಾರಗಳು.

ಮೊನ್ನೆ ಬೆಳಿಗ್ಗೆ ಆರಕ್ಕೆ ಫೋನ್ ಬಂದಾಗ ನಾನು ಸೀರೆಗೆ ಪಿನ್ನು ಹಾಕಿಕೊಳ್ಳುತ್ತಿದ್ದೆ. ನಿಮ್ಮ ನಂಬರ್ ನೋಡಿ ಯಥಾಪ್ರಕಾರ ಸೌಪುವಿನ ಕೈಗೆ ಕೊಟ್ಟೆ. ಅವಳು ಕೇಳಿಸಿಕೊಂಡು, "ಅಮ್ಮಾ, ಬೀಜ ತಗೊಂಡು ಬಾ ಅಂತೆ. ಫೋನ್ ನೆಲದ ಮೇಲಿಟ್ಟು ಸ್ಪೀಕರ್ ಹಾಕ್ಬೇಕಂತೆ" ಎಂದಳು. ಹನ್ನೆರಡು ಬೀಜ ಎಡಗಡೆ ಜೋಡಿಸಿದಳು. ಆಮೇಲೆ ಆರು ತಿಂಗಳಿಂದ ಕೇಳದ ನಿಮ್ಮ ದನಿ ಕೇಳಿಸಿತು.

"ಕೊಮಾಂ ಸಾಪೆಲ್ ವೋತ್ರ್ ಮಾರಿ?"

ಆ ಪರೀಕ್ಷಕಿಗಿಂತ ನೀವು ಸ್ಪಷ್ಟವಾಗಿ ಕೇಳಿದಿರಿ. ನಾನು ಬೀಜಗಳನ್ನೇ ನೋಡುತ್ತ ಕೂತೆ. ನೀವು ಮತ್ತೆ ಕೇಳಲಿಲ್ಲ, ಕಾದಿರಿ. ಫೋನಿನೊಳಗೆ ನಿಮ್ಮ ಬಾವಿಯ ಗಡಗಡೆಯ ಸದ್ದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ನೀವೇ ಹೇಳಿದಿರಿ.

"ಇಲ್ ಸಾಪೆಲ್ ನಂದಕಿಶೋರ್."

ಎರಡು ವರ್ಷದ ಮೇಲೆ ಆ ಹೆಸರನ್ನು ನಿಮ್ಮ ಬಾಯಲ್ಲಿ ಕೇಳಿದೆ. ಸೌಪು ನನ್ನ ಮುಖ ನೋಡಿದಳು. ಆಮೇಲೆ ನಾನೂ ಹೇಳಿದೆ. ಅವಳು ಒಂದು ಬೀಜ ಬಲಕ್ಕೆ ಸರಿಸಿದಳು. ಆರನೆಯ ಬೀಜದಲ್ಲಿ ಅಳು ಬಂದು ಅರ್ಧಕ್ಕೆ ನಿಂತೆ. ಸೌಪು ಎಲ್ಲವನ್ನೂ ಎಡಕ್ಕೆ ತಳ್ಳಿದಳು. ಮತ್ತೆ ಮೊದಲಿನಿಂದ ಹನ್ನೆರಡು. ಮುಗಿದ ಕೂಡಲೇ ನೀವು ಫೋನ್ ಇಟ್ಟಿರಿ.

ಪರೀಕ್ಷೆಯಲ್ಲಿ ಈ ಸಲ ಬೇರೆ ಹೆಂಗಸು ಇದ್ದರು. ಅವರು ಗಂಡನ ಹೆಸರು ಕೇಳಲೇ ಇಲ್ಲ. ನಿಮಗೆ ಇಷ್ಟವಾದ ಒಬ್ಬ ವ್ಯಕ್ತಿಯ ಬಗ್ಗೆ ಮಾತಾಡಿ ಎಂದರು. ನಾನು ಅವರ ಬಗ್ಗೆ ಮಾತಾಡಿದೆ. ಆಡಿಟ್ ಆಫೀಸಿನಿಂದ ಬರುವಾಗ ಮುಳಬಾಗಿಲು ದೋಸೆ ಕಟ್ಟಿಸಿಕೊಂಡು ಬಂದು, ಮಡಿಯ ಮನೆಯೊಳಗೆ ತರಬಾರದೆಂದು ನೀವು ಬೈಯುತ್ತೀರೆಂದು ನಮ್ಮನ್ನೆಲ್ಲ ನಿಮಗೆ ತಿಳಿಯದ ಹಾಗೆ ಜಗಲಿಯ ಮೇಲೆ ಕೂರಿಸಿ ತಿನ್ನಿಸುತ್ತಿದ್ದುದನ್ನು ಹೇಳಿದೆ. ತಪ್ಪುಗಳಾದವು, ನಿಲ್ಲಿಸಲಿಲ್ಲ. ಹೆಸರನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಡಲಿಲ್ಲ. ಸಮಯವಾಯಿತು ಎಂದು ಅವರೇ ಗಂಟೆ ಒತ್ತಿದರು.

ಅಲ್ಲಿ ತಿಥಿ ಹೇಗಾಯಿತು?

ನಿಮ್ಮ
ಹರಿಪ್ರಿಯಾ


ಮುಳಬಾಗಿಲು
9 ಜನವರಿ 2025

ಹರಿಪ್ರಿಯಾ,

ನಿನ್ನ ಕಾಗದಕ್ಕೆ ಫಲಿತಾಂಶ ಬಂದ ಮೇಲೆಯೇ ಉತ್ತರ ಬರೆಯೋಣ ಎಂದು ಇಟ್ಟುಕೊಂಡಿದ್ದೆ. ಭಾನುವಾರ ಮಗು ಹೇಳಿತು. ಪಾಸಂತೆ, ಮಾತಿನಲ್ಲಿ ಇಪ್ಪತ್ತೈದಕ್ಕೆ ಹದಿನಾರು. ನಮ್ಮ ತಂದೆಯವರಾಗಿದ್ದರೆ ಉಳಿದ ಒಂಬತ್ತು ಎಲ್ಲಿ ಎಂದು ಕೇಳುತ್ತಿದ್ದರು. ನಾನು ಕೇಳುವುದಿಲ್ಲ.

ಆ ದಿನ ನಾನು ನಿನ್ನ ಹತ್ತಿರ ಮಾತಾಡಿದೆ ಎಂದು ತಿಳಿಯಬೇಡ. ಪಾಠ ಒಪ್ಪಿಸಿಕೊಂಡೆ. ಒಪ್ಪಿಸಿಕೊಳ್ಳುವುದು ಮಾತಲ್ಲ. ಮಡಿ ಉಡುವ ಮೊದಲೇ ಬಾವಿಕಟ್ಟೆಯ ಮೇಲೆ ಕೂತು ಮುಗಿಸಿದೆ. ಬಾಳೆಎಲೆ ತಂದ ಮುನಿಯಲ್ಲಮ್ಮ ನಿಂತು ಕೇಳಿ, "ಇದೇಂ ಮಂತ್ರಮಮ್ಮಾ? ಎಪ್ಪುಡೂ ವಿನಲೇದೇ" ಎಂದಳು. ಇದು ವರ್ಷಕ್ಕೊಂದು ಸಲ ಹೇಳುವ ಮಂತ್ರ, ನೀನು ಕೇಳಿರಲು ಹೇಗೆ ಸಾಧ್ಯ ಎಂದೆ. ಅವಳು ಎಲೆ ಇಟ್ಟು ಕೈಮುಗಿದು ಹೋದಳು.

ತಿಥಿ ಚೆನ್ನಾಗಿ ಆಯಿತು. ಆಚಾರ್ಯರು ಗೋತ್ರ, ಹೆಸರು ಎಂದಾಗ ವಂಶಿ ಬಾಯಿ ತೆರೆಯುವ ಮೊದಲೇ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಆಚಾರ್ಯರು ತಿರುಗಿ ನೋಡಿದರು. ಹಾಲು ಅವತ್ತು ನಿಜವಾಗಿಯೂ ಒಲೆಯ ಮೇಲಿತ್ತು, ಉಕ್ಕಿತು. ಉಕ್ಕಲಿ ಎಂದು ಬಿಟ್ಟೆ.

ಫೋಟೋ ಬೀರುವಿನಿಂದ ತೆಗೆದೆ. ಇಲ್ಲಿ ಹಾಕಲಿಲ್ಲ. ಒರೆಸಿ, ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದೇನೆ. ಮಗುವಿರುವ ಕಡೆ ಇರಬೇಕಾದದ್ದು ಅದು. ಮಹಡಿಯ ಕೋಣೆಯಲ್ಲಿ ಧನಶ್ರೀ ಹಪ್ಪಳ ಒಣಹಾಕುತ್ತಿದ್ದಾಳೆ. ಮೇಜು ಈಗ ಬೇಡ ಎಂದಿದ್ದರೂ ಹಲಗೆಗೆ ಹೇಳಿಯಾಗಿತ್ತಂತೆ. ವೆಂಕಟರಾಯಪ್ಪ ಮಾಡಿಯೇ ಮುಗಿಸಿದ್ದಾನೆ. ಇಲ್ಲಿ ಅದಕ್ಕೆ ಕೆಲಸವಿಲ್ಲ.

ಸಂಕ್ರಾಂತಿಗೆ ಮಗುವಿನ ಕೈಲಿ ಎಳ್ಳು ಬೀರಿಸಬೇಕು. ಪೊಟ್ಟಣದ ಎಳ್ಳುಬೆಲ್ಲ ತರಬೇಡ, ಕೊಬ್ಬರಿ ಬೆಲ್ಲ ಎಲ್ಲ ನಾನೇ ಹೆಚ್ಚಿದ್ದೇನೆ. ಹದಿಮೂರನೇ ತಾರೀಕು ಬೆಳಿಗ್ಗೆ ವಂಶಿ ಗಾಡಿ ಮಾಡಿಸುತ್ತಾನೆ. ಮೇಜು, ಫೋಟೋ, ಎಳ್ಳಿನ ಡಬ್ಬಿ, ನಾನು. ಕೋಲಾರದಲ್ಲಿ ನಿಲ್ಲಿಸದೆ ಬಂದರೆ ಹತ್ತರೊಳಗೆ ಮಾಲೂರಿನಲ್ಲಿ ಇರುತ್ತೇವೆ. ನಾಲ್ಕು ದಿನ ಇರುತ್ತೇನೆ.

ನಾನು ಆಡಿದ ಮಾತು ನಿನಗೆ ನೆನಪಿರಬೇಕು. ಈ ಹೊಸಿಲು, ಈ ಮನೆ ಎಂದಿದ್ದೆ. ಮಾಲೂರಿನ ಮನೆಯ ಬಗ್ಗೆ ನಾನು ಏನೂ ಹೇಳಿಲ್ಲ.

ಬಂದ ಕೂಡಲೇ ಕಾಫಿ ಕೊಡು. ಆಮೇಲೆ ಅವನು ಜಗಲಿಯ ಮೇಲೆ ದೋಸೆ ತಿನ್ನಿಸುತ್ತಿದ್ದ ವಿಷಯ ಮೊದಲಿನಿಂದ ಹೇಳು. ನನಗೆ ಅದು ಗೊತ್ತೇ ಇರಲಿಲ್ಲ.

ನಂದಕಿಶೋರನ ತಾಯಿ,
ವೆಂಕಟರತ್ನಮ್ಮ